ಕಣ್ಣಿಲ್ಲದ ಅತಿಥಿ

ನೀರಿನ ಟ್ಯಾಂಕಿನ ಸೋರಿಕೆ ಮುಚ್ಚಲೆಂದು ತಂದಿಟ್ಟಿದ್ದ ಎಂ-ಸೀಲ್ ಪೊಟ್ಟಣ ಕಾಣೆಯಾಗಿತ್ತು. ಅದು 2023ರ ಮೇ ತಿಂಗಳು. ಠಾಣಾ ಕುಶನೂರಿನ ಬೇಸಿಗೆಯಲ್ಲಿ ಟ್ಯಾಂಕು ಸೋರಿದರೆ ಮನೆಯೊಳಗೆ ಮಾತಿಗೆ ಮಾತು ಬೆಳೆಯುತ್ತದೆ. ಹುಡುಕುತ್ತ ಹಿತ್ತಲಿಗೆ ಹೋದ ನಮಗೆ ಬೇವಿನ ನೆರಳಲ್ಲಿ ಕಿರಿಯ ಮಗ ಸಿಕ್ಕ. ಹದಿಮೂರು ವರ್ಷ, ಬೆರಳೆಲ್ಲ ಬೂದು ಬಣ್ಣ. ಎದುರಿಗೆ ಹಳೆಯ ತಟ್ಟೆಯ ಮೇಲೆ ಒಂದು ಗೇಣಿಗೂ ಕಡಿಮೆ ಎತ್ತರದ ಜೀವಿಯೊಂದು ನಿಂತಿತ್ತು. ಸೋರೆಕಾಯಿಯಂತೆ ಹಿಂದಕ್ಕೆ ಚಾಚಿದ ತಲೆ, ಎಣಿಸಬಹುದಾದ ಪಕ್ಕೆಲುಬು, ಮೊಣಕಾಲಿನವರೆಗೆ ಇಳಿದ ಕೈಗಳು. ಏನಿದು ಎಂದರೆ, "ಬೇರೆ ಗ್ರಹದವ" ಎಂದ, ನೆಂಟರ ಪರಿಚಯ ಹೇಳುವಷ್ಟು ಸಲೀಸಾಗಿ.

ಬೈಯಬೇಕೆಂದೇ ಹೋಗಿದ್ದೆವು. ಆದರೆ ಅಲ್ಲೇ ಕುಳಿತುಬಿಟ್ಟೆವು.

ಅವನು ಮೊದಲು ಕೈ ಹಾಕಿದ್ದು ಹೊಲದ ಮಣ್ಣಿಗೆ. ಮಣ್ಣೆತ್ತಿನ ಅಮಾವಾಸ್ಯೆಗೆ ನೆರೆಮನೆಯ ಮಕ್ಕಳು ಎತ್ತು ಮಾಡುವುದನ್ನು ನೋಡುತ್ತ ಬೆಳೆದ ಹುಡುಗ. ಎತ್ತು ದಪ್ಪ, ಅದರ ನಾಲ್ಕು ಕಾಲೂ ದಪ್ಪ, ಒಂದು ದಿನದ ಪೂಜೆ ಮುಗಿಯುವವರೆಗೆ ನಿಂತರೆ ಸಾಕು. ಇವನಿಗೆ ಬೇಕಾಗಿದ್ದುದು ಕಡ್ಡಿಯಂಥ ಬೆರಳು. ನಮ್ಮ ಕಪ್ಪು ಮಣ್ಣಿನ ಸ್ವಭಾವ ಓದುಗರಿಗೆ ಗೊತ್ತಿರಬಹುದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ತೊಗರಿ ಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು! ಅವನ ಮೊದಲ ಎರಡು ಗೊಂಬೆಗಳು ರಾತ್ರಿ ಬೆಳಗಾಗುವುದರೊಳಗೆ ಸೊಂಟದಲ್ಲಿ ಸೀಳಿಹೋದವು.

ಪೈಪಿಗೆ ಹಚ್ಚುವ ಪುಟ್ಟಿ ಹಾಗಲ್ಲ. ಅದು ನೀರು ಆರಿ ಗಟ್ಟಿಯಾಗುವ ವಸ್ತುವಲ್ಲ. ಪೊಟ್ಟಣದಲ್ಲಿ ಎರಡು ಬಣ್ಣದ ಎರಡು ತುಂಡುಗಳಿರುತ್ತವೆ. ಒಂದು ರಾಳ, ಇನ್ನೊಂದು ಅದನ್ನು ಗಟ್ಟಿಗೊಳಿಸುವ ವಸ್ತು. ಸಮನಾಗಿ ತೆಗೆದುಕೊಂಡು, ರೊಟ್ಟಿಯ ಹಿಟ್ಟು ನಾದಿದಂತೆ ನಾದಿ, ಎರಡು ಬಣ್ಣ ಹೋಗಿ ಒಂದೇ ಬಣ್ಣವಾದ ಮೇಲೆ ಅವೆರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕುಗ್ಗುವುದು ನಾಮಮಾತ್ರ, ಆದ್ದರಿಂದ ಬಿರುಕಿಲ್ಲ. ಆದರೆ ಅದು ಕೊಡುವ ಸಮಯವೂ ಸ್ವಲ್ಪವೇ, ಬಿಸಿಲಿದ್ದರೆ ಇನ್ನೂ ಕಡಿಮೆ. ಮೇ ತಿಂಗಳಲ್ಲಿ ಆ ಕೆಲಸಕ್ಕೆ ಕುಳಿತವನು ಹುಣಸೆ ಬೀಜದಷ್ಟೇ ಕಲಸಿಕೊಳ್ಳಬೇಕು, ಮುಗಿಸಬೇಕು, ಮತ್ತೆ ಕಲಸಿಕೊಳ್ಳಬೇಕು. ಇದನ್ನು ಅವನು ಅರ್ಧ ಪೊಟ್ಟಣ ಹಾಳು ಮಾಡಿ ಕಲಿತಿದ್ದ. ಆ ಅರ್ಧ ಪೊಟ್ಟಣ ಈಗಲೂ ಕಲ್ಲಿನಂತೆ ನಮ್ಮ ಬಾಗಿಲಿಗೆ ಆನಿಕೆಯಾಗಿದೆ.

ಒಳಗೆ ಎಲುಬಿನ ಬದಲು ಮನೆ ಕಟ್ಟುವವರು ಸರಳು ಬಿಗಿಯುವ ಬೈಂಡಿಂಗ್ ತಂತಿ. ಹೊಟ್ಟೆ ಮತ್ತು ತಲೆಗೆ, ಪುಟ್ಟಿ ಹೆಚ್ಚು ಹಿಡಿಯಬಾರದೆಂದು, ಉಂಡೆಗಟ್ಟಿದ ಅಲ್ಯೂಮಿನಿಯಂ ಹಾಳೆ. ಅದರ ಮೇಲೆ ಮೊದಲ ಪದರ ಹಚ್ಚಿ, ಗಟ್ಟಿಯಾಗಲು ಬಿಟ್ಟು, ಆಮೇಲೆ ಚರ್ಮದ ತೆಳು ಪದರ. ಬೆರಳಿಗೆ ಅಂಟದಂತೆ ಆಗಾಗ ನೀರು ಮುಟ್ಟಿಸಿಕೊಳ್ಳುವುದು, ಸುಕ್ಕುಗಳಿಗೆ ದಬ್ಬಣ, ಪಕ್ಕೆಲುಬಿಗೆ ಐಸ್‌ಕ್ರೀಮ್ ಕಡ್ಡಿಯ ಅಂಚು. ಬರಿಗೈಯಲ್ಲಿ ಮಾಡಿದ್ದಕ್ಕೆ ಅಂಗೈ ಕೆಂಪಾಗಿ ನಾಲ್ಕು ದಿನ ತುರಿಸಿತು. ಆಮೇಲೆ ಪ್ಲಾಸ್ಟಿಕ್ ಚೀಲ ಕೈಗೆ ಕಟ್ಟಿಕೊಂಡ. ಮಕ್ಕಳಿಗೆ ಈ ಪುಟ್ಟಿ ಕೊಡುವವರು ಮೊದಲೇ ಕೈಗವಸು ಕೊಡುವುದು ಒಳ್ಳೆಯದು.

ಇಷ್ಟೆಲ್ಲ ಸರಿ, ಮುಖ? ಮುಖವೇ ಇರಲಿಲ್ಲ. ಕಣ್ಣು, ಮೂಗು, ಬಾಯಿ ಇರಬೇಕಾದ ಕಡೆ ಬೆಣಚುಕಲ್ಲಿನಂತೆ ನುಣುಪು. "ದಾದಿ ಹೇಳ್ಯಾರ" ಎಂದ.

ಮಣ್ಣಿನ ಗೊಂಬೆಯ ಕಾಲದಲ್ಲೇ ಈ ಮಾತು ಆಗಿತ್ತಂತೆ. ಜೀವವಿರುವುದರ ರೂಪ ಮಾಡಬಾರದು, ಮಾಡಿದವನಿಗೆ ನಾಳೆ ಪರಲೋಕದಲ್ಲಿ ಅದಕ್ಕೆ ಜೀವ ತುಂಬು ಎಂದು ಆಜ್ಞೆಯಾಗುತ್ತದೆ ಎಂದು ದಾದಿ ಹೇಳಿದ್ದರು. ಮೊಮ್ಮಗನ ಮುಖ ಬಾಡಿದ್ದು ಕಂಡು, ಕಣ್ಣು ಮೂಗು ಇಡದಿದ್ದರೆ ಆಗಬಹುದು ಎಂದು ದಾರಿಯೊಂದನ್ನು ಬಿಟ್ಟುಕೊಟ್ಟಿದ್ದರು. ನಮಗೆ ಈ ದಾರಿ ಹೊಸದಲ್ಲ. ನಾವು ಬೇರೆ ಬೇರೆ ಮನೆಗಳಲ್ಲಿ ಬೆಳೆದವರು, ಆದರೆ ಎರಡೂ ಮನೆಗಳ ಕಾನೂನು ಒಂದೇ. ಶಾಲೆಗೆಂದು ಕೋಳಿಯ ಚಿತ್ರ ಬರೆದರೆ ಕೊನೆಗೆ ಅದರ ಕುತ್ತಿಗೆಗೆ ಅಡ್ಡಗೆರೆ ಎಳೆಯಬೇಕಿತ್ತು. ಗೆರೆ ಬಿದ್ದರೆ ಅದು ಕೋಳಿಯಲ್ಲ, ಬರೀ ಗೀಚು. ಗೋಡೆಯ ಕ್ಯಾಲೆಂಡರಿನಲ್ಲಿ ಮನುಷ್ಯರ ಚಿತ್ರವಿದ್ದರೆ ನಮಾಝಿನ ಹೊತ್ತಿಗೆ ಅದು ಗೋಡೆಗೆ ಮುಖ ಮಾಡಿ ತೂಗುತ್ತಿತ್ತು. ತಲೆ ತೆಗೆದರೆ ಪ್ರತಿಮೆಯೂ ಮರದಂತೆಯೇ ಎಂಬ ಅರ್ಥದ ಹದೀಸಿನ ಆಧಾರ ಇದಕ್ಕಿದೆ ಎಂದು ನಮಗೆ ತಿಳಿದದ್ದು ದೊಡ್ಡವರಾದ ಮೇಲೆ.

ಹುಡುಗ ಮಾತು ಕೇಳಿದ್ದ. ಹಾಗಾಗಿಯೇ ಎಡವಟ್ಟಾಯಿತು. ಆ ಜೀವಿಗೆ ಭಯಾನಕ ರೂಪ ಬಂದದ್ದು ಅದರ ಪಕ್ಕೆಲುಬಿನಿಂದಲ್ಲ, ಉಗುರಿನಿಂದಲೂ ಅಲ್ಲ. ಕಿಟಕಿಯ ಕಟ್ಟೆಯ ಮೇಲೆ ಅದನ್ನಿಟ್ಟ ರಾತ್ರಿ ನೀರು ಕುಡಿಯಲು ಎದ್ದ ನಮ್ಮಲ್ಲೊಬ್ಬರು ಲೋಟ ಕೈಬಿಟ್ಟದ್ದುಂಟು. ಕಣ್ಣಿದ್ದರೆ ಅದು ಎತ್ತ ನೋಡುತ್ತಿದೆ ಎಂದು ಗೊತ್ತಾಗುತ್ತದೆ. ಕಣ್ಣಿಲ್ಲದ್ದು ಎಲ್ಲ ಕಡೆಯಿಂದಲೂ ನಮ್ಮನ್ನೇ ನೋಡಿದಂತೆ!

2003ರಲ್ಲಿ 'ಕೋಯಿ ಮಿಲ್ ಗಯಾ' ಬಂದಾಗ ನಾವೂ ಹದಿಹರೆಯದವರು. ಅದರ ಜಾದೂ ಎಂಬ ಅನ್ಯಗ್ರಹದವನ ವೇಷದೊಳಗೆ ಇಂದ್ರವದನ ಪುರೋಹಿತ ಎಂಬ ನಟರಿದ್ದರು. ನೀಲಿ ಮೈ, ವಿಚಿತ್ರ ತಲೆ, ಆದರೂ ಮಕ್ಕಳು ಅದನ್ನು ಅಪ್ಪಿಕೊಂಡರು. ಕಾರಣ ಆ ಅಗಲವಾದ ಕಣ್ಣುಗಳೇ ಇರಬೇಕು. ಅದಕ್ಕಿಂತ ಬಹಳ ಹಿಂದೆ, 1979ರ ಹಾಲಿವುಡ್ ಚಿತ್ರ 'ಏಲಿಯನ್'ಗೆ ಸ್ವಿಟ್ಜರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್ ಒಂದು ಜೀವಿಯನ್ನು ರೂಪಿಸಿದ್ದರು. ಮಕ್ಕಳು ಆಡುವಂಥ ಜೇಡಿಯಲ್ಲೇ ಎಲುಬುಗಳನ್ನೂ ಸೇರಿಸಿ ಅದನ್ನು ಕಟ್ಟಿದರು. ಉದ್ದನೆಯ ತಲೆ, ಕಾಣುವ ಕಣ್ಣುಗಳೇ ಇಲ್ಲ. ಆ ಚಿತ್ರದ ದೃಶ್ಯ ಪರಿಣಾಮಗಳ ತಂಡಕ್ಕೆ 1980ರಲ್ಲಿ ಆಸ್ಕರ್ ಬಂತು, ತಂಡದಲ್ಲಿ ಗೀಗರ್ ಕೂಡ ಇದ್ದರು. ನಮ್ಮ ಹುಡುಗ ಗೆಳೆಯನ ಮೊಬೈಲಿನಲ್ಲಿ ಅದರ ಚಿತ್ರ ನೋಡಿದ್ದ, ಉದ್ದನೆಯ ತಲೆ ಅಲ್ಲಿಂದಲೇ ಬಂದದ್ದು. ಆದರೆ ಕಣ್ಣಿಲ್ಲದ್ದು ದಾದಿಯ ಮಾತಿನಿಂದ ಎಂದು ಪಟ್ಟು ಹಿಡಿಯುತ್ತಾನೆ. ಗೀಗರ್ ಹೆದರಿಸಲೆಂದು ಬೇಕಂತಲೇ ಮಾಡಿದ್ದನ್ನು ನಮ್ಮ ದಾದಿ ಪಾಪಭೀತಿಯಿಂದ ಮಾಡಿಸಿದ್ದರು.

ದಾದಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನೋಡಲಾಗದೆ ಕೈಯಲ್ಲಿ ತಡವಿ ನೋಡಿದರು. ಕಾಲು, ಬೆನ್ನು, ಕುತ್ತಿಗೆ ಮುಟ್ಟುವಾಗ ನಗುತ್ತಿದ್ದರು. ಹೆಬ್ಬೆರಳು ಮುಖದ ಜಾಗಕ್ಕೆ ಬಂದು, ಎಡಬಲ ಹುಡುಕಿ, ನಿಂತಿತು. "ಇಸ್ಕಾ ಮೂಂ ಕಿದರ್ ಹೈ ರೇ?" ಎಂದರು. ಮುಖ ಎಲ್ಲಿದೆಯೋ ಎಂದು. ನೀವೇ ಬೇಡ ಅಂದದ್ದಲ್ಲವೇ ಎಂದು ಹುಡುಗ ನೆನಪಿಸಿದ. ದಾದಿ ಏನೂ ಹೇಳದೆ ತಸ್ಬೀಹ್ ಕೈಗೆತ್ತಿಕೊಂಡರು.

ನಾವಿಬ್ಬರೂ ಈ ವಿಷಯದಲ್ಲಿ ಒಮ್ಮತದವರಲ್ಲ. ಮಕ್ಕಳ ಆಟಿಕೆಗೆ ಅಷ್ಟು ಕಟ್ಟುನಿಟ್ಟು ಬೇಡ ಎಂದು ಒಬ್ಬರ ವಾದ. ಹಝ್ರತ್ ಆಯಿಶಾ(ರ)ರ ಗೊಂಬೆಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆ ಇತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ) ಕೇಳಿದಾಗ, ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದು ತಾವು ಕೇಳಿಲ್ಲವೇ ಎಂದರಂತೆ, ಪ್ರವಾದಿವರ್ಯರು(ಸ) ಮನಸಾರೆ ನಕ್ಕರಂತೆ. ಇದು ಅಬೂ ದಾವೂದ್‌ನಲ್ಲಿರುವ ಹದೀಸ್. ಹದಿಮೂರರ ಹುಡುಗನ ಪುಟ್ಟಿ ಆಟಿಕೆಯಲ್ಲ, ಶಿಲ್ಪ ಎಂದು ಇನ್ನೊಬ್ಬರ ವಾದ. ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿರುವಾಗ ನಮ್ಮ ಅಡುಗೆಮನೆಯಲ್ಲಿ ಅದು ಹೇಗೆ ಬಗೆಹರಿದೀತು? ಇಲ್ಲದ ಜೀವಿಯ ರೂಪ ಮಾಡಿದರೆ ಅದು ಯಾರ ನಕಲು ಎಂಬ ಹುಡುಗನ ಪ್ರಶ್ನೆಗಂತೂ ಇಬ್ಬರ ಬಳಿಯೂ ಉತ್ತರವಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ದಾದಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬೀದರಿಗೆ ಹೋದೆವು. ಕಾಯುವ ಹೊತ್ತಿನಲ್ಲಿ ಹುಡುಗನನ್ನು ಕೋಟೆಗೆ ಕರೆದೊಯ್ದೆವು. ಶರ್ಜಾ ದರ್ವಾಜಾದ ಮೇಲೆ ಎರಡು ಹುಲಿಗಳನ್ನು ಕೆತ್ತಿದ್ದಾರೆ, ಬಾಗಿಲಿನ ಶಾಸನ 1503ರದು, ಬಹಮನಿ ಮಹಮೂದ್ ಶಾಹನ ಕಾಲ. ಹುಡುಗ ಮೊದಲು ನೋಡಿದ್ದು ಅವುಗಳ ಮುಖವನ್ನೇ. "ಇವಕ್ಕ ಕಣ್ಣು ಅದಾವ" ಎಂದ, ನ್ಯಾಯ ಕೇಳುವ ಧ್ವನಿಯಲ್ಲಿ. ಬಾದಶಾಹರು ಮಾಡಿದ್ದೆಲ್ಲ ಶರೀಅತ್ ಅಲ್ಲ ಎಂದು ನಾವು ತಪ್ಪಿಸಿಕೊಂಡೆವು. ಬಿಜಾಪುರದಲ್ಲಿ 1570ರಲ್ಲಿ ಸಿದ್ಧವಾದ 'ನುಜೂಮುಲ್ ಉಲೂಮ್' ಎಂಬ ಗ್ರಂಥ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರ ತುಂಬ ಇವನ ಜೀವಿಗೆ ಅಣ್ಣತಮ್ಮಂದಿರೆನ್ನಬಹುದಾದ ವಿಚಿತ್ರ ಶಕ್ತಿಗಳ ಚಿತ್ರಗಳಿವೆ. ಅದನ್ನು ಅವನಿಗೆ ಆಗ ಹೇಳಲಿಲ್ಲ. ಇದ್ದ ತಂಟೆಯೇ ಸಾಕಾಗಿತ್ತು.

ಬಿದ್ರಿ ಕೆಲಸದವರ ಮುಂದೆ ಮಾತ್ರ ಅವನನ್ನು ಎಬ್ಬಿಸುವುದೇ ಕಷ್ಟವಾಯಿತು. ಸತು ಮತ್ತು ತಾಮ್ರದ ಎರಕ, ಕೆತ್ತಿದ ಗೀರಿಗೆ ಬಡಿದು ಕೂರಿಸುವ ಬೆಳ್ಳಿ ತಂತಿ, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಅದರಲ್ಲಿ ಉಜ್ಜಿದಾಗ ಬೆಳ್ಳಿ ಬೆಳ್ಳಗೇ ಉಳಿದು ಉಳಿದದ್ದೆಲ್ಲ ಕಪ್ಪಾಗುವ ಗಳಿಗೆ. ತನ್ನ ಜೀವಿಗೂ ಅಂಥ ಕಪ್ಪು ಬರುತ್ತದೆಯೇ ಎಂದು ಕೇಳಿದ. ಪುಟ್ಟಿಗೆ ಬಾರದು, ಅದು ಲೋಹದ ಗುಣ ಎಂದು ಕೆಲಸ ಮಾಡುತ್ತಿದ್ದವರು ನಕ್ಕರು.

ಊರಿಗೆ ಮರಳಿ, ಕಣ್ಣಿನ ಪಟ್ಟಿ ಬಿಚ್ಚಿ, ಹನಿಗಳ ಗಡುವು ಮುಗಿದ ಮೇಲೆ ದಾದಿ ಒಂದು ಬೆಳಿಗ್ಗೆ ಫಜ್ರ್ ಮುಗಿಸಿ ಕಿಟಕಿಯ ಬಳಿ ಹೋದರು. ಬಹಳ ಹೊತ್ತು ನೋಡಿದರು. ಆಮೇಲೆ ಹುಡುಗನನ್ನು ಎಬ್ಬಿಸಿ, ಇದನ್ನು ಹೀಗೆ ಕುರುಡಾಗಿ ನಿಲ್ಲಿಸಬೇಡ, ಕಣ್ಣಾದರೂ ಇಡು ಎಂದರು. ಕನಿಕರವೋ ಹೆದರಿಕೆಯೋ, ನಾವು ಕೇಳಲಿಲ್ಲ.

ಗಟ್ಟಿಯಾದ ಪುಟ್ಟಿ ಮತ್ತೆ ಮೆತ್ತಗಾಗುವುದಿಲ್ಲ. ಪಕ್ಕದ ಬಡಗಿಯ ಸಣ್ಣ ಡ್ರಿಲ್ಲಿನಿಂದ ಎರಡು ಕುಳಿ ತೋಡಿಸಿ, ಹೊಸದಾಗಿ ಕಲಸಿದ ಎರಡು ಸಣ್ಣ ಉಂಡೆಗಳನ್ನು ಅದರಲ್ಲಿ ಕೂರಿಸಬೇಕಾಯಿತು. ಎಡಗಣ್ಣು ಸ್ವಲ್ಪ ಕೆಳಗೆ ಜಾರಿ ಹಾಗೆಯೇ ಗಟ್ಟಿಯಾಯಿತು. ಈಗ ಅದು ಹೆದರಿಸುವುದಿಲ್ಲ, ಬಸ್ಸು ತಪ್ಪಿಸಿಕೊಂಡವನಂತೆ ಕಾಣುತ್ತದೆ.

ಕಣ್ಣು ಬಂದದ್ದರಿಂದ ಮನೆಗೆ ಒಂದು ಕೆಲಸವೂ ಹೆಚ್ಚಿತು. ಅಝಾನ್ ಆದ ಕೂಡಲೇ ದಾದಿ ಕಿಟಕಿಯ ಕಡೆ ಕೈ ತೋರಿಸುತ್ತಾರೆ. ನಮ್ಮಲ್ಲಿ ಯಾರಾದರೂ ಎದ್ದು ಹೋಗಿ ಅದನ್ನು ಗೋಡೆಯ ಕಡೆಗೆ ತಿರುಗಿಸಿ ಬರುತ್ತೇವೆ.