ಬಲ್ಬು ಸರಿಯಿತ್ತು, ದಾರಿ ಕೆಟ್ಟಿತ್ತು

ಮಕ್ಕಳೇ, ವಿಜ್ಞಾನದ ಮಾದರಿಗಳನ್ನು ಶಾಲೆಯಿಂದ ಶಾಲೆಗೆ ಒಯ್ಯುವುದು ನನ್ನ ಕೆಲಸಗಳಲ್ಲೊಂದು. ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೋಗುವಾಗ ಹಳೆಯ ಪಿಕಪ್ ಗಾಡಿಯೊಂದನ್ನು ಬಾಡಿಗೆಗೆ ಕರೆಯುತ್ತೇವೆ. ಒಂದು ಮಳೆಗಾಲದಲ್ಲಿ ಅದರ ಹಿಂದಿನ ದೀಪ ವಿಚಿತ್ರವಾಗಿ ಆಡತೊಡಗಿತು. ಬ್ರೇಕ್ ಒತ್ತಿದರೆ ಬಲಗಡೆಯ ಕೆಂಪು ದೀಪ ಜೋರಾಗಿ ಉರಿಯುವ ಬದಲು ಮಂಕಾಗುತ್ತಿತ್ತು. ಪಕ್ಕದ ಹಳದಿ ಇಂಡಿಕೇಟರ್ ತಾನಾಗಿಯೇ ಮಿಣಮಿಣ ಹೊತ್ತಿಕೊಳ್ಳುತ್ತಿತ್ತು!

ಇದು ತಮಾಷೆಯಲ್ಲ. ಕತ್ತಲಲ್ಲಿ ಹಿಂದೆ ಬರುವ ಬೈಕಿನವರಿಗೆ ಗಾಡಿ ನಿಲ್ಲುತ್ತಿದೆಯೋ, ಬಲಕ್ಕೆ ತಿರುಗುತ್ತಿದೆಯೋ ತಿಳಿಯದು. ಒಂದು ಕ್ಷಣ ಗೊಂದಲವಾದರೂ ಸಾಕು, ಅಪಘಾತವಾಗಬಹುದು.

"ಬಲ್ಬು ಹೋಗಿರಬೇಕು ಮೇಷ್ಟ್ರೇ" ಎಂದು ಚಾಲಕರು ಹೊಸ ಬಲ್ಬು ಹಾಕಿದರು. ಏನೂ ಬದಲಾಗಲಿಲ್ಲ. ಹಾಗಾದರೆ ಕೆಟ್ಟದ್ದು ಯಾವುದು?

ವಿದ್ಯುತ್ತು ಬಲ್ಬಿಗೆ ಹೋದರೆ ಸಾಲದು, ಬ್ಯಾಟರಿಗೆ ಹಿಂತಿರುಗಲೂ ಬೇಕು. ಗಾಡಿಯಲ್ಲಿ ಹೋಗುವ ದಾರಿ ತಂತಿ. ಬರುವ ದಾರಿ ಗಾಡಿಯ ಕಬ್ಬಿಣದ ಮೈ. ಇದನ್ನೇ ಮೆಕ್ಯಾನಿಕ್‌ಗಳು 'ಅರ್ಥ್' ಎನ್ನುತ್ತಾರೆ. ಆ ದಾರಿ ಮುಚ್ಚಿದರೆ ವಿದ್ಯುತ್ತು ಇಂಡಿಕೇಟರ್ ಬಲ್ಬಿನ ಮೂಲಕ ಸುತ್ತಿಕೊಂಡು ಹೋಗುತ್ತದೆ. ಆಗ ಎರಡೂ ಮಂಕು!

ಇದನ್ನು ಪರೀಕ್ಷಿಸುವುದು ಸುಲಭ. ಬಂಗಾರಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರು ತಂತಿಯ ಒಂದು ತುದಿಯನ್ನು ದೀಪದ ಹೋಲ್ಡರಿಗೂ ಇನ್ನೊಂದನ್ನು ಗಾಡಿಯ ಮೈಯ ಶುಭ್ರ ಭಾಗಕ್ಕೂ ತಾಗಿಸಿದರು. ಬ್ರೇಕ್ ಒತ್ತಿದಾಗ ಕೆಂಪು ದೀಪ ಝಗ್ಗನೆ ಬೆಳಗಿತು!

ಬ್ಯಾಟರಿಯ ತಂತಿ ಕಳಚಿ, ದೀಪ ಬಿಚ್ಚಿ ನೋಡಿದೆವು. ರಬ್ಬರ್ ವಾಷರ್ ಸೀಳಿ ಮಳೆನೀರು ಒಳಗೆ ಇಳಿದಿತ್ತು. ಕಬ್ಬಿಣದ ಸ್ಕ್ರೂಗೆ ಕಂದು ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು. ನೀರು ಮತ್ತು ಗಾಳಿಯ ಆಕ್ಸಿಜನ್ ಸೇರಿ ಕಬ್ಬಿಣವನ್ನು ತುಕ್ಕಾಗಿಸುತ್ತವೆ. ಕಬ್ಬಿಣದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ತುಕ್ಕಿನಲ್ಲಿ ಹರಿಯುವುದಿಲ್ಲ. 12 ವೋಲ್ಟಿನ ಗಾಡಿಯಲ್ಲಿ ತೆಳುವಾದ ತುಕ್ಕಿನ ಪದರವೂ ದೊಡ್ಡ ಗೋಡೆ! ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಹೊಸ ಸ್ಕ್ರೂ ಬಿಗಿದು, ಮೇಲೆ ವ್ಯಾಸಲೀನ್ ಸವರಿ, ಹೊಸ ವಾಷರ್ ಕೂರಿಸಿದೆವು. ವ್ಯಾಸಲೀನ್ ನೀರು, ಗಾಳಿ ತಾಗದಂತೆ ತಡೆಯುತ್ತದೆ.

ತುಕ್ಕು ಹಿಡಿಯದ ಲೋಹವೇ ಇಲ್ಲವೇ? ಇದೆ. 2001ರಲ್ಲಿ ಮುಚ್ಚುವವರೆಗೆ ಕೆ.ಜಿ.ಎಫ್. ಗಣಿಗಳಲ್ಲಿ ತೆಗೆದದ್ದು ಅದನ್ನೇ. ಚಿನ್ನ! ಗಾಳಿ, ನೀರಿಗೆ ಅದು ಜಗ್ಗುವುದಿಲ್ಲ. ಮೊಬೈಲಿನ ಸಿಮ್ ಕಾರ್ಡಿನಲ್ಲಿ ಹೊಳೆಯುವ ಹಳದಿ ಭಾಗಕ್ಕೆ ಚಿನ್ನದ ತೆಳು ಲೇಪ ಇರುವುದು ಇದಕ್ಕಾಗಿಯೇ. ಆದರೆ ಗಾಡಿಗೆಲ್ಲ ಚಿನ್ನದ ಸ್ಕ್ರೂ ಹಾಕಲಾದೀತೇ?

ನೀವೂ ಮಾಡಿ ನೋಡಿ: ಟಾರ್ಚ್ ಸೆಲ್, ಟಾರ್ಚ್ ಬಲ್ಬು, ತಂತಿಗಳ ನಡುವೆ ಚೆನ್ನಾಗಿ ತುಕ್ಕು ಹಿಡಿದ ಮೊಳೆಯೊಂದನ್ನು ಸೇರಿಸಿ. ಬಲ್ಬು ಉರಿಯಿತೇ? ಮೊಳೆಯ ಎರಡೂ ತುದಿಗಳನ್ನು ಉಜ್ಜಿ ಮತ್ತೆ ನೋಡಿ. ಎಚ್ಚರಿಕೆ! ಮನೆಯ ವಿದ್ಯುತ್ತಿನಲ್ಲಿ ಈ ಪ್ರಯೋಗ ಖಂಡಿತ ಬೇಡ.

ಹಾಗೆಯೇ ನಿಮ್ಮ ಊರಿನ ಟ್ರ್ಯಾಕ್ಟರ್, ಆಟೋಗಳ ಹಿಂದಿನ ದೀಪ ಸರಿಯಿದೆಯೇ ಎಂದು ಗಮನಿಸಿ. ಇಲ್ಲದಿದ್ದರೆ ಕತ್ತಲಾಗುವ ಮೊದಲೇ ಅದರ ಚಾಲಕರಿಗೆ ತಿಳಿಸಿ.