ಉಳವಿಯ ದಾರಿ

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ತೋಡೂರು ಎಂಬ ಊರಿದೆ. ಪಡುವಲಲ್ಲಿ ಕಡಲು, ಮೂಡಲಲ್ಲಿ ಸಹ್ಯಾದ್ರಿ. ನಡುವೆ ಗದ್ದೆ, ತೆಂಗು, ಮನೆಗಳು. ಕಡಲ ಕರೆಯ ಊರುಗಳಿಗೆ ದುಃಖವು ಹೊಸದಲ್ಲ. ಮೀನಿಗೆ ಹೋದವರನ್ನು ಸಮುದ್ರವು ಮರಳಿ ಕಳುಹಿಸದೆ ಇದ್ದುದುಂಟು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಗಾಗಿ ಮನೆ ಗದ್ದೆಗಳನ್ನು ಬಿಟ್ಟುಬಂದ ಕುಟುಂಬಗಳ ಕಾಲನಿಯೂ ತೋಡೂರಿನಲ್ಲಿದೆ. ಜನ ಸತ್ತವರಿಗಾಗಿ ಅಳುತ್ತಾರೆ. ಬಿಟ್ಟುಬಂದ ಅಂಗಳಕ್ಕಾಗಿಯೂ ಅಳುತ್ತಾರೆ.

ಇಲ್ಲಿಂದ ತೆಂಕಣಕ್ಕೆ ಹೊರಟರೆ ಅಂಕೋಲೆಯನ್ನು ಕಳೆದು, ಗಂಗಾವಳಿ ಹೊಳೆಯನ್ನು ದಾಟಿ ಗೋಕರ್ಣವನ್ನು ಸೇರಬಹುದು. ಅಲ್ಲಿ ಪಿತೃಕಾರ್ಯ ಮಾಡುವುದು ಹಿಂದಿನಿಂದ ಬಂದ ವಾಡಿಕೆ. ಆ ಕಾರ್ಯವು ತೀರಿಕೊಂಡವರ ಸದ್ಗತಿಗಾಗಿ. ಆದರೆ ಉಳಿದವರ ಗತಿಯೇನು? ಉಂಡ ಅನ್ನ ರುಚಿಸದೆ, ಮಲಗಿದರೆ ನಿದ್ದೆ ಬಾರದೆ, ಬರಿದಾದ ಮನೆಯನ್ನೇ ನೋಡುತ್ತ ಕುಳಿತವರಿಗೆ ಯಾವ ತೀರ್ಥ? ಈ ಪ್ರಶ್ನೆಗೆ ಉತ್ತರವನ್ನು ಅದೇ ಜಿಲ್ಲೆಯ ಘಟ್ಟದ ಮೇಲಣ ಒಂದು ದಾರಿ ಹೇಳುತ್ತದೆ. ಅದು ಉಳವಿಯ ದಾರಿ.

ಉಳವಿಯು ಜೋಯಿಡಾ ತಾಲೂಕಿನ ದಟ್ಟವಾದ ಕಾಡಿನ ನಡುವೆ ಇರುವ ಚಿಕ್ಕ ಕ್ಷೇತ್ರ. ಕಾರವಾರದಲ್ಲಿ ಕಡಲನ್ನು ಸೇರುವ ಕಾಳಿ ನದಿ ಹುಟ್ಟುವುದು ಈ ತಾಲೂಕಿನ ಬೆಟ್ಟಗಳಲ್ಲಿಯೇ. ಶರಣ ಚೆನ್ನಬಸವಣ್ಣನು ಐಕ್ಯನಾದ ಸ್ಥಳವಿದು. ಪ್ರತಿವರ್ಷ ಮಾಘಮಾಸದಲ್ಲಿ, ಭಾರತ ಹುಣ್ಣಿಮೆಯ ಹೊತ್ತಿಗೆ ಇಲ್ಲಿ ಜಾತ್ರೆ ನೆರೆಯುತ್ತದೆ. ಧಾರವಾಡ, ಬೆಳಗಾವಿಗಳ ಕಡೆಯಿಂದ ಜನರು ಚಕ್ಕಡಿ ಕಟ್ಟಿಕೊಂಡೋ ಕಾಲ್ನಡಿಗೆಯಲ್ಲೋ ಹೊರಡುತ್ತಾರೆ. ಧಾರವಾಡದಿಂದಲೇ ಇದು ನೂರು ಕಿಲೋಮೀಟರಿನ ಆಸುಪಾಸಿನ ದಾರಿ. ಬಸ್ಸು ಬಂದ ಮೇಲೂ ಈ ನಡಿಗೆ ನಿಲ್ಲಲಿಲ್ಲ.

ಈ ಯಾತ್ರೆಯ ಮೂಲದಲ್ಲಿ ಹರ್ಷವಿರಲಿಲ್ಲ, ಶೋಕವಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಜಾತಿಯ ಗೋಡೆಯನ್ನು ಕೆಡವಲು ಹೊರಟರು. ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆಯಾಯಿತು. ಅದನ್ನು ಸಹಿಸದ ಅಧಿಕಾರವು ಮಧುವರಸ ಹರಳಯ್ಯರಿಗೆ ಘೋರವಾದ ಮರಣದಂಡನೆ ವಿಧಿಸಿತು. ಬಿಜ್ಜಳನ ಕೊಲೆಯಾಯಿತು, ಕಲ್ಯಾಣವು ಹೊತ್ತಿ ಉರಿಯಿತು. ಬಸವಣ್ಣನು ಕೂಡಲಸಂಗಮದಲ್ಲಿ ಐಕ್ಯನಾದನು. ಇದು 1167ರ ಸುಮಾರಿನ ಮಾತು. ಅಳಿದುಳಿದ ಶರಣರ ಒಂದು ತಂಡವು ಚೆನ್ನಬಸವಣ್ಣನ ಮುಂದಾಳುತನದಲ್ಲಿ ಪಡುವಲ ಕಾಡಿನತ್ತ ನಡೆಯಿತು. ನಾನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಬೆನ್ನ ಹಿಂದೆ ಸೈನ್ಯ. ದಾರಿಯುದ್ದಕ್ಕೂ ಸಾವು. ಡೋಹರ ಕಕ್ಕಯ್ಯನು ಕಕ್ಕೇರಿಯಲ್ಲಿ ಅಳಿದನೆಂದೂ, ಬಸವಣ್ಣನ ಮಡದಿ ಗಂಗಾಂಬಿಕೆಯು ಮಲಪ್ರಭೆಯ ದಡದ ಹುಬ್ಬಳ್ಳಿಯಲ್ಲಿ ಐಕ್ಯಳಾದಳೆಂದೂ ಜನರ ನಂಬಿಕೆ.

ಆ ತಂಡದಲ್ಲಿ ಅಕ್ಕನಾಗಮ್ಮನಿದ್ದಳು. ಆಕೆ ಬಸವಣ್ಣನಿಗೆ ಅಕ್ಕ, ಚೆನ್ನಬಸವಣ್ಣನಿಗೆ ತಾಯಿ. ತಮ್ಮನನ್ನು ಕಳೆದುಕೊಂಡ ನೋವು ಹಸಿಯಾಗಿರುವಾಗಲೇ ಆಕೆ ಹೆಜ್ಜೆ ಕಿತ್ತಿಡಬೇಕಾಯಿತು. ಉಳವಿಯನ್ನು ಸೇರಿದ ಮೇಲಾದರೂ ನೆಮ್ಮದಿ ದೊರೆಯಿತೆ? ಅಲ್ಲಿ ತರುಣನಾದ ಮಗನೂ ಐಕ್ಯನಾದನು. ತಾಯಿಯ ಪಾಲಿಗೆ ಇದಕ್ಕಿಂತ ಮಿಗಿಲಾದ ದುಃಖವುಂಟೆ? ಆದರೂ ಆಕೆ ಉಳವಿಯ ಗವಿಯಲ್ಲಿ ಮುಖ ಮುಚ್ಚಿಕೊಂಡು ಕೂರಲಿಲ್ಲ, ಮತ್ತೆ ನಡೆದಳು. ತರೀಕೆರೆಯ ಬಳಿಯ ಎಣ್ಣೆಹೊಳೆಯ ತೀರದಲ್ಲಿ ಆಕೆಯ ನಡಿಗೆ ಮುಗಿಯಿತೆಂದು ಪರಂಪರೆ ಹೇಳುತ್ತದೆ. ಉಳವಿಯಲ್ಲಿ ಅಕ್ಕನಾಗಮ್ಮನ ಹೆಸರಿನ ಗವಿಯನ್ನು ಇಂದಿಗೂ ಕಾಣಬಹುದು.

ಆ ಶರಣರನ್ನು ನಡೆಸಿದ ಶಕ್ತಿ ಯಾವುದು? ಅವರ ಹೆಗಲ ಮೇಲೆ ವಚನಗಳ ಕಟ್ಟುಗಳಿದ್ದವೆಂದು ಹೇಳುತ್ತಾರೆ. ತೀರಿಹೋದವರ ದೇಹವನ್ನು ಅವರು ಉಳಿಸಲಾರರು. ಅವರ ಮಾತನ್ನು ಉಳಿಸಬಲ್ಲರು. ಹೊರಲೇಬೇಕಾದ ಒಂದು ಹೊರೆ ಹೆಗಲ ಮೇಲಿದ್ದಾಗ, ಎದೆಯ ಹೊರೆಯನ್ನೂ ಹೊರುವ ತ್ರಾಣ ಹೇಗೋ ಬರುತ್ತದೆ.

ಇಂದು ಆ ದಾರಿಯಲ್ಲಿ ನಡೆಯುವವರ ಹಿಂದೆ ಸೈನ್ಯವಿಲ್ಲ. ಆದರೆ ಅವರಲ್ಲಿಯೂ ಗಂಡನನ್ನು ಕಳೆದುಕೊಂಡವರು, ಮಕ್ಕಳನ್ನು ಮಣ್ಣು ಮಾಡಿ ಬಂದವರು ಇರುತ್ತಾರೆ. ಮನೆಯಲ್ಲಿ ದುಃಖಿಗೆ ಮಾಡಲು ಕೆಲಸವಿರುವುದಿಲ್ಲ. ದಾರಿಯಲ್ಲಿ ಕೆಲಸಕ್ಕೆ ಕೊನೆಯಿರುವುದಿಲ್ಲ. ಎತ್ತಿಗೆ ನೀರು ಕುಡಿಸಬೇಕು, ಒಲೆ ಹೂಡಬೇಕು, ಅಳುವ ಕೂಸನ್ನು ಎತ್ತಿಕೊಳ್ಳಬೇಕು. ಸಂಜೆಯಾದಾಗ ಕಾಲು ಸೋತು ಹಸಿವಾಗುತ್ತದೆ. ಗಂಟಿನೊಳಗಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಹುದಿನಗಳ ಮೇಲೆ ನಾಲಗೆಗೆ ಹತ್ತುತ್ತವೆ. ಮರದಡಿಯಲ್ಲಿ ಮಲಗಿದರೆ ನಿದ್ದೆ ತಾನಾಗಿ ಬರುತ್ತದೆ. ಜೊತೆಯಲ್ಲಿ ನಡೆಯುವವರು ಸಮಾಧಾನದ ಮಾತುಗಳನ್ನು ಹೇಳಬೇಕೆಂದಿಲ್ಲ. “ಬಾರವ್ವ, ಇನ್ನೊಂದೀಟು ದೂರ ಐತಿ” ಎಂದರೆ ಸಾಕು. ಎದುರಿಗೆ ಕುಳಿತು ಹೇಳಲಾಗದ ಮಾತನ್ನು ಪಕ್ಕದಲ್ಲಿ ನಡೆಯುತ್ತ ಹೇಳಬಹುದು. ಆಗ ತಿಳಿಯುತ್ತದೆ, ಪಕ್ಕದಲ್ಲಿರುವವರಿಗೂ ಅಂತಹುದೇ ಒಂದು ಕಥೆಯುಂಟೆಂದು.

ನೆರೆಯ ಮಹಾರಾಷ್ಟ್ರದ ಪಂಢರಪುರದ ವಾರಿಯಲ್ಲಿಯೂ ಇದೇ ಅನುಭವ. 1630ರ ಸುಮಾರಿನ ಬರಗಾಲದಲ್ಲಿ ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡ ತುಕಾರಾಮನು ವಿಠಲನ ಭಕ್ತಿಯಲ್ಲಿ ಆಸರೆ ಕಂಡನು. ಆತನ ಹೆಸರಿನ ಪಾಲಕಿಯೊಡನೆ ಲಕ್ಷಾಂತರ ಜನರು ಇಂದಿಗೂ ಆಷಾಢದಲ್ಲಿ ನಡೆಯುತ್ತಾರೆ. ಒಬ್ಬನ ದುಃಖವು ಎಲ್ಲರ ಹಾದಿಯಾಯಿತು.

ನಡಿಗೆಯಿಂದ ದುಃಖವು ಅಳಿದುಹೋಗುವುದೆಂದು ಭಾವಿಸಬಾರದು. ಉಳವಿಯಿಂದ ಹಿಂದಿರುಗಿದವರ ಮನೆಯಲ್ಲಿ ಬರಿದಾದ ಜಾಗ ಬರಿದಾಗಿಯೇ ಇರುತ್ತದೆ. ಆದರೆ ಹೊರಡುವಾಗ ದುಃಖವು ಮನುಷ್ಯನನ್ನು ಹೊತ್ತಿರುತ್ತದೆ. ಮರಳುವಾಗ ಮನುಷ್ಯನು ದುಃಖವನ್ನು ಹೊತ್ತು ತರುತ್ತಾನೆ. ಮಗನನ್ನು ಉಳವಿಯ ಮಣ್ಣಿಗೆ ಒಪ್ಪಿಸಿ ಮುಂದಕ್ಕೆ ಹೆಜ್ಜೆಯಿಟ್ಟ ಅಕ್ಕನಾಗಮ್ಮನು ತೋರಿಸಿದ ದಾರಿ ಇದೇ ಅಲ್ಲವೆ?