ಐದು ರೇಸು, ಆರು ಟಿಕೆಟ್ಟು

ಗೆಲ್ಲುವ ಕುದುರೆ ಯಾವುದೆಂದು ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ನನಗೆ ಹುಚ್ಚು ಹಿಡಿಸಿದ್ದು ಅದಲ್ಲ, ಜಾಕ್‌ಪಾಟ್ ಟಿಕೆಟ್ಟು ಕಟ್ಟುವ ಕೆಲಸ. ಸಾಲಾಗಿ ಐದು ರೇಸುಗಳಲ್ಲಿ ಯಾವ ಕುದುರೆಗಳು ಗೆಲ್ಲುತ್ತವೆಂದು ಮೊದಲ ರೇಸು ಓಡುವ ಮುನ್ನವೇ ಹೇಳಿಬಿಡಬೇಕು. ಒಂದು ರೇಸಿಗೆ ಎರಡೋ ಮೂರೋ ಕುದುರೆ ಹಿಡಿಯಬಹುದು, ಆದರೆ ಹಿಡಿದಷ್ಟೂ ದುಡ್ಡು ಗುಣಾಕಾರದಲ್ಲಿ ಏರುತ್ತದೆ. ರೇಸಿಗೆ ನಾಲ್ಕರಂತೆ ಹಿಡಿದರೆ 1,024 ಜೋಡಣೆ! ಎಲ್ಲಿ ಕೈ ಬಿಗಿ ಮಾಡಬೇಕು, ಎಲ್ಲಿ ಸಡಿಲ ಬಿಡಬೇಕು ಎನ್ನುವುದರಲ್ಲೇ ಈ ಕೆಲಸದ ರುಚಿಯೆಲ್ಲ ಇದೆ.

ನಮ್ಮೂರು ಇಂಡಿಯಲ್ಲಿ ಕೂತವನಿಗೂ ರೇಸಿಗೂ ಏನು ಸಂಬಂಧ ಎಂದು ಕೇಳುವವರುಂಟು. ಬೆಂಗಳೂರು, ಮೈಸೂರು ಎರಡೂ ದೂರ. ಇಂಡಿ ರೋಡ್ ನಿಲ್ದಾಣದಲ್ಲಿ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿಯೆಲ್ಲ ಪ್ರಯಾಣ. ನೋಡಿದರೆ ಸೊಲ್ಲಾಪುರದ ಮೇಲಿಂದ ಪುಣೆಯ ರೇಸುಕೋರ್ಸೇ ನಮಗೆ ಹತ್ತಿರ. ಆದರೆ ಟಿಕೆಟ್ಟು ಕಟ್ಟಲು ರೇಸುಕೋರ್ಸಿಗೆ ಹೋಗಬೇಕಿಲ್ಲ. ರೇಸ್ ಕಾರ್ಡು, ಕುದುರೆಗಳ ಬೆಳಗಿನ ತಾಲೀಮಿನ ಸಮಯ, ಒಂದು ಲ್ಯಾಪ್‌ಟಾಪು, ಇಷ್ಟಿದ್ದರೆ ಸಾಕು. ಎತ್ತಿನ ಗಾಡಿ ಶರ್ಯತ್ತು ಬಲ್ಲ ಗೆಳೆಯನೊಬ್ಬ, “ಎತ್ತಿನ ಕಾಲು ನೋಡಿದ್ರ ಗೊತ್ತಾಗತೈತ್ರಿ ಸರ, ಇದಕ್ಯಾಕ ಇಷ್ಟು ಲೆಕ್ಕ?” ಅನ್ನುತ್ತಾನೆ. ಒಂದು ಓಟದ ಮಟ್ಟಿಗೆ ಅವನ ಮಾತು ನಿಜ. ಐದು ಓಟಗಳನ್ನು ಒಟ್ಟಿಗೆ ಪೋಣಿಸುವಾಗ ಕಣ್ಣೊಂದೇ ಸಾಲದು.

ನಾನು ಎಕ್ಸೆಲ್ ಹಾಳೆಯಲ್ಲಿ ಮಾಡುವುದು ನಮ್ಮೂರ ಲಿಂಬೆ ಆರಿಸುವ ಹಾಗೆಯೇ. ಪ್ರತಿ ರೇಸಿನ ಕುದುರೆಗಳನ್ನು ಮೊದಲು ಎ, ಬಿ, ಸಿ ಎಂದು ಬೇರೆ ಬೇರೆ ರಾಶಿ ಹಾಕುತ್ತೇನೆ: ನೆಚ್ಚಿದವು ಎ, ಗೆದ್ದರೂ ಗೆಲ್ಲಬಹುದಾದವು ಬಿ, ಪವಾಡ ಬೇಕಾದವು ಸಿ. ಈ ವಿಂಗಡಣೆಯನ್ನು ಅಮೆರಿಕದ ಸ್ಟೀವನ್ ಕ್ರಿಸ್ಟ್ 2006ರಲ್ಲಿ ಬಂದ ‘ಎಕ್ಸಾಟಿಕ್ ಬೆಟ್ಟಿಂಗ್’ ಪುಸ್ತಕದಲ್ಲಿ ಬಿಡಿಸಿ ಹೇಳಿದರು. ಅಲ್ಲಿನ ‘ಡೈಲಿ ರೇಸಿಂಗ್ ಫಾರ್ಮ್’ ಪತ್ರಿಕೆಯ ‘ಟಿಕೆಟ್‌ಮೇಕರ್’ ಎಂಬ ತಂತ್ರಾಂಶ ಅದೇ ದಾರಿಯಲ್ಲಿ ನಡೆಯುತ್ತದೆ. ನಮ್ಮ ಜಾಕ್‌ಪಾಟಿಗೂ ಅದು ಚೆನ್ನಾಗಿ ಒಗ್ಗುತ್ತದೆ.

ಲೆಕ್ಕ ನೋಡಿ. ಐದು ರೇಸುಗಳಲ್ಲಿ ಎ ಕುದುರೆಗಳು ಕ್ರಮವಾಗಿ 1, 2, 1, 2, 1. ಬಿ ಕುದುರೆಗಳು ರೇಸಿಗೆ ಎರಡು. ಎಲ್ಲವನ್ನೂ ಒಂದೇ ಟಿಕೆಟ್ಟಿಗೆ ತುಂಬಿದರೆ 3×4×3×4×3, ಅಂದರೆ 432 ಜೋಡಣೆ. ಅದರ ಬದಲು ಬರೀ ಎಗಳದೊಂದು ಟಿಕೆಟ್ಟು, ಆಮೇಲೆ ಯಾವುದಾದರೂ ಒಂದೇ ರೇಸಿನಲ್ಲಿ ಬಿ ಗೆಲ್ಲಲಿ ಎಂದು ಐದು ಟಿಕೆಟ್ಟು. ಆರೂ ಸೇರಿ 36 ಜೋಡಣೆ! ಪ್ರತಿ ರೇಸಿನಲ್ಲೂ ಎ ರಾಶಿ ಗೆಲ್ಲುವ ಸಾಧ್ಯತೆ ಶೇ. 60, ಬಿ ರಾಶಿಯದು ಶೇ. 25 ಎಂದಿಟ್ಟುಕೊಳ್ಳಿ. ದೊಡ್ಡ ಟಿಕೆಟ್ಟು ಐದೂ ರೇಸು ದಾಟುವ ಸಾಧ್ಯತೆ ಶೇ. 44, ಆರು ಚಿಕ್ಕವುಗಳದು ಶೇ. 24. ದುಡ್ಡು ಹನ್ನೆರಡರಲ್ಲಿ ಒಂದು ಪಾಲಿಗಿಳಿಯಿತು, ಸಾಧ್ಯತೆ ಅರ್ಧಕ್ಕಿಂತ ಕೆಳಗೆ ಬೀಳಲಿಲ್ಲ. ಮೊದಲ ಸಲ ಈ ಅಂಕಿ ಹಾಳೆಯ ಮೇಲೆ ಮೂಡಿದಾಗ ಆದ ಸಂತೋಷ ಇವತ್ತಿಗೂ ಆರಿಲ್ಲ. ಸಂದೇಹವನ್ನು ಎಲ್ಲ ಕಡೆ ಸುರಿಯಬಾರದು, ಒಂದು ಹೊತ್ತಿಗೆ ಒಂದು ರೇಸಿನಲ್ಲಿ ಮಾತ್ರ ಸಂದೇಹಪಡಬೇಕು. ಟಿಕೆಟ್ಟು ಕಟ್ಟುವ ವಿದ್ಯೆ ಇರುವುದು ಇಲ್ಲಿ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಇಟರ್‌ಟೂಲ್ಸ್’ ಎಂಬ ಸಲಕರಣೆ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಜೋಡಣೆಗಳನ್ನೂ ಬರೆದು ಮುಂದಿಡುತ್ತದೆ. ಆದರೆ ಶೇ. 60 ಎಂಬುದನ್ನು ತುಂಬಬೇಕಾದವನು ಮನುಷ್ಯನೇ. ಆ ಹೊತ್ತಿಗೆ ಕೈ ನಿಧಾನವಾಗುತ್ತದೆ. 1,200 ಮೀಟರಿನಲ್ಲಿ ಮಿಂಚಿದ ಕುದುರೆ 1,600ಕ್ಕೆ ಉಸಿರು ಹಿಡಿದೀತೆ? ಕುದುರೆ ಹೊರಬೇಕಾದ ತೂಕ ಗೊತ್ತುಮಾಡುವ ಹ್ಯಾಂಡಿಕ್ಯಾಪರ್ ಅದರ ಬೆನ್ನ ಮೇಲೆ ಹೇರಿದ ಹೆಚ್ಚಿನ ಭಾರ ಕೊನೆಯ ಇನ್ನೂರು ಮೀಟರಿನಲ್ಲಿ ಕಾಡೀತೆ? ಮಳೆ ಬಿದ್ದ ಟ್ರ್ಯಾಕು ಹೇಗೆ? ಜಾಕಿ ಬದಲಾದದ್ದು ಯಾಕೆ? ಇವನ್ನೆಲ್ಲ ತೂಗಿ ಒಂದು ಅಂಕಿ ಬರೆಯುತ್ತೇನೆ. ರೇಸು ಮುಗಿದ ಮೇಲೆ ಇನ್ನೊಂದು ಹಾಳೆ ತೆರೆದು, ಶೇ. 60 ಎಂದು ಬರೆದವು ನಿಜಕ್ಕೂ ನೂರಕ್ಕೆ ಅರವತ್ತು ಸಲ ಗೆಲ್ಲುತ್ತಿವೆಯೇ ಎಂದು ತಾಳೆ ನೋಡುತ್ತೇನೆ. ನನ್ನ ಮಟ್ಟಿಗೆ ಟಿಕೆಟ್ಟಿಗಿಂತ ಈ ಹಾಳೆಯೇ ದೊಡ್ಡದು.

ರೇಸು ಜೂಜಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದೆ. ಆದರೂ ಪಣದ ಕಾಲಂ ಬಂದಾಗ ಕಣ್ಣು ತೆರೆದಿರಬೇಕು. 2023ರ ಅಕ್ಟೋಬರಿನಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರಿನಲ್ಲಿ ಅದು ಶೇ. 40 ಆಯಿತು. ಇದನ್ನು ಹಾಳೆಗೆ ಸೇರಿಸಿದರೆ ನಿರೀಕ್ಷಿತ ಲಾಭದ ಕಾಲಂ ಬಹುತೇಕ ಕೆಂಪು. ಅದಕ್ಕೇ ನನ್ನ ಬಹಳಷ್ಟು ಟಿಕೆಟ್ಟುಗಳು ಕೌಂಟರಿಗೆ ಹೋಗುವುದಿಲ್ಲ, ಫೈಲಿನಲ್ಲೇ ಉಳಿಯುತ್ತವೆ. ಕಟ್ಟುವ ಸುಖಕ್ಕೆ ಅದರಿಂದ ಒಂದಿಷ್ಟೂ ಕೊರತೆಯಿಲ್ಲ.

ಈಗ ಕೈಯಲ್ಲಿರುವ ಕೆಲಸ ಸಮಾಧಾನಕರ ಬಹುಮಾನದ್ದು. ನಮ್ಮ ಜಾಕ್‌ಪಾಟಿನಲ್ಲಿ ಹಂಚುವ ದುಡ್ಡಿನ ಶೇ. 70 ಐದೂ ಹಿಡಿದವರಿಗೆ, ಶೇ. 30 ನಾಲ್ಕು ಹಿಡಿದವರಿಗೆ. ಹಾಗಾಗಿ ಒಂದು ರೇಸು ತಪ್ಪಿದರೆ ಆರು ಟಿಕೆಟ್ಟುಗಳಲ್ಲಿ ಎಷ್ಟು ಜೋಡಣೆ ನಾಲ್ಕಕ್ಕೆ ನಿಲ್ಲುತ್ತವೆ ಎನ್ನುವುದನ್ನೂ ಎಣಿಸಬೇಕು. ಮೊದಲ ರೇಸು ತಪ್ಪಿದಾಗ ಒಂದು ಲೆಕ್ಕ, ಎರಡನೆಯದು ತಪ್ಪಿದಾಗ ಇನ್ನೊಂದು. ಆ ಕಾಲಂ ಇನ್ನೂ ಅರ್ಧ ಆಗಿದೆ.